ಆಕಾಶದ ಬೇಲಿಗೆ ಧರಣಿ ಕೂರುವವರು ಯಾರು?

ಮಂಡ್ಯ ಜಿಲ್ಲೆಗೆ ಚಳವಳಿ ಹೊಸದಲ್ಲ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜ ಹಾರಿಸಿದ ಶಿವಪುರ ಇರುವುದು ಮದ್ದೂರಿನಲ್ಲಿ. ಕಾವೇರಿ ನೀರಿಗಾಗಿ, ಕಬ್ಬಿನ ಬಾಕಿಗಾಗಿ, ಭತ್ತದ ಬೆಲೆಗಾಗಿ ಮಂಡ್ಯದ ಸಂಜಯ ವೃತ್ತದಲ್ಲಿ ಎಷ್ಟು ಬಾರಿ ರಸ್ತೆ ತಡೆ ನಡೆದಿದೆ ಎಂದು ಲೆಕ್ಕ ಇಟ್ಟವರಿಲ್ಲ. ಜಿ. ಮಾದೇಗೌಡರು, ಕೆ.ಎಸ್. ಪುಟ್ಟಣ್ಣಯ್ಯನವರು ಮುಂದೆ ನಿಂತು ನಡೆಸಿದ ಹೋರಾಟಗಳನ್ನು ಇಲ್ಲಿನ ಮಕ್ಕಳೂ ಬಲ್ಲರು. ಅನ್ಯಾಯವಾಯಿತು ಎನ್ನಿಸಿದರೆ ಬೀದಿಗೆ ಇಳಿಯುವುದು ಇಲ್ಲಿನವರ ಜಾಯಮಾನ.

ಆದರೆ ಈ ಜಿಲ್ಲೆಯ ತಲೆಯ ಮೇಲಿರುವ ಆಕಾಶದ ಕಾನೂನು 2014ರಿಂದ ಈಚೆಗೆ ಹಲವು ಬಾರಿ ಬದಲಾಯಿತು. ಒಮ್ಮೆ ಪೂರ್ತಿ ನಿಷೇಧ, ಒಮ್ಮೆ ಬಿಗಿ ಷರತ್ತು, ಒಮ್ಮೆ ಸಡಿಲ, ಮತ್ತೆ ಬಿಗಿ ಮಾಡುವ ಕರಡು. ಇದಕ್ಕಾಗಿ ಯಾರಾದರೂ ಟೈರು ಸುಟ್ಟ ನೆನಪು ಊರಿಗಿಲ್ಲ. ಆಕಾಶದಲ್ಲಿ ಹಾರಿಸುವವರು ಇಲ್ಲಿ ಇಲ್ಲವೆ? ಇದ್ದಾರೆ. ಮದುವೆ ಛತ್ರದ ಮೇಲೆ, ಜಾತ್ರೆಯ ತೇರಿನ ಮೇಲೆ, ಕಬ್ಬಿನ ಗದ್ದೆಯ ಮೇಲೆ ಗುಂಯ್‌ಗುಡುವ ಡ್ರೋನ್‌ಗಳನ್ನು ಈಗ ಕತ್ತೆತ್ತಿ ನೋಡುವವರೂ ಕಡಿಮೆಯಾಗಿದ್ದಾರೆ. ಅವನ್ನು ನಡೆಸುವವರು ಕಾನೂನಿನ ಭಾಷೆಯಲ್ಲಿ ಪೈಲಟ್‌ಗಳೇ. ನೆಲದ ಮೇಲೆ ನಿಂತು ಹಾರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಈ ಪೈಲಟ್‌ಗಳು ನಿಯಮ ಬದಲಾದಾಗ ಏಕೆ ಸುಮ್ಮನಿರುತ್ತಾರೆ? ಸುಮ್ಮನಿರುವುದು ಸರಿಯೆ? ಯೋಚಿಸಬೇಕಾದ ವಿಷಯವಿದು.

ಕೈವಾರದಲ್ಲಿ ಎಳೆದ ಗೆರೆ

ಭೂಪಟ, ಕೈವಾರ ಇದ್ದರೆ ಒಂದು ಸಣ್ಣ ಪ್ರಯೋಗ ಮಾಡಬಹುದು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಮೇಲೆ ಕೈವಾರದ ಮುಳ್ಳನ್ನು ಊರಿ 45 ಕಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಮಂಡ್ಯ ಪಟ್ಟಣ ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 41 ಕಿ.ಮೀ. ಅಂದರೆ ವೃತ್ತದ ಒಳಗೆ. ಮದ್ದೂರು ಸುಮಾರು 57 ಕಿ.ಮೀ., ಹೊರಗೆ. ಮಳವಳ್ಳಿ 45ರ ಆಸುಪಾಸಿನಲ್ಲಿದ್ದು, ಗೆರೆಯ ಮೇಲೆಯೇ ಕುಳಿತಂತಿದೆ. ಆ ತಾಲ್ಲೂಕಿನ ಪಡುವಣ ಹಳ್ಳಿಗಳು ಒಳಗೆ, ಮೂಡಣ ಹಳ್ಳಿಗಳು ಹೊರಗೆ.

ಇದು ಬರಿಯ ರೇಖಾಗಣಿತವಲ್ಲ. 2021ರ ಆಗಸ್ಟ್‌ಗೆ ಮುಂಚಿನ ವ್ಯವಸ್ಥೆಯಲ್ಲಿ ವಿಮಾನ ನಿಲ್ದಾಣದ ಸರಹದ್ದಿನಿಂದ 45 ಕಿ.ಮೀ.ವರೆಗೆ ಹಳದಿ ವಲಯ ಹಬ್ಬಿತ್ತು. ಹಳದಿ ಎಂದರೆ ಅನುಮತಿ ಪಡೆದು ಮಾತ್ರ ಹಾರಿಸಬೇಕಾದ ಜಾಗ. ವಿಮಾನದ ಸದ್ದೇ ಅಪರೂಪವಾದ ಮಂಡ್ಯದ ಹೊರವಲಯದ ಗದ್ದೆಯೂ ಹಾಗೆ ನೋಡಿದರೆ ಮಂಡಕಳ್ಳಿಯ ಅಂಗಳವೇ ಆಗಿತ್ತು. ಆದರೆ ಈ ಗೆರೆ ಊರಿನ ಮೇಲೆ ಹಾದುಹೋಗಿದೆ ಎಂಬುದನ್ನು ಬಲ್ಲವರು ಬೆರಳೆಣಿಕೆಯಷ್ಟು. ನಾಲೆಯ ನೀರಿನ ಸರದಿ ಒಂದು ದಿನ ತಪ್ಪಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಆಕಾಶದ ಗೆರೆ ಕಣ್ಣಿಗೆ ಕಾಣದು, ಕಾಲಿಗೆ ತೊಡರದು. ಕಾಣದ ಬೇಲಿಯ ವಿರುದ್ಧ ಕೂಗುವುದು ಹೇಗೆ?

2021ರ ಆಗಸ್ಟ್ 25ರಂದು ಹೊರಬಂದ ಡ್ರೋನ್ ನಿಯಮಗಳು ಈ 45ನ್ನು 12ಕ್ಕೆ ಇಳಿಸಿದವು. ಕೈವಾರವನ್ನು ಮಡಿಸಿ 12 ಕಿ.ಮೀ.ಗೆ ಮತ್ತೆ ಎಳೆದರೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ವೃತ್ತದಿಂದ ಬಹು ದೂರ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಿಸಲು ಪೂರ್ವಾನುಮತಿ ಬೇಡ ಎಂದಾಯಿತು. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವಿನ ಪಟ್ಟಿಯಲ್ಲಿ ಈ ಮಿತಿ 200 ಅಡಿ. ಹೀಗೆ ಒಂದೇ ಅಧಿಸೂಚನೆಯಿಂದ ಮಂಡ್ಯದ ಆಕಾಶ ಸಡಿಲವಾಯಿತು. ಅದಕ್ಕಾಗಿ ಇಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ, ಮುಂಚೆ ಯಾರೂ ಧಿಕ್ಕಾರ ಕೂಗಿರಲೂ ಇಲ್ಲ.

ಬದಲಾದ ಬಗೆ

ಹಿಂದಿನದನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ನಿಯಮಾವಳಿ ಸಿದ್ಧವಾಗುವ ತನಕ ಖಾಸಗಿಯವರು ಯಾವ ಕಾರಣಕ್ಕೂ ಡ್ರೋನ್ ಹಾರಿಸಬಾರದು ಎಂಬುದು ಅದರ ಸಾರ. ನಿಯಮಾವಳಿ ಬಂದದ್ದು 2018ರ ಆಗಸ್ಟ್‌ನಲ್ಲಿ, ಜಾರಿಯಾದದ್ದು ಆ ವರ್ಷದ ಡಿಸೆಂಬರ್ 1ರಿಂದ. ಅನುಮತಿ ದೊರೆಯದೆ ಯಂತ್ರವೇ ಮೇಲೇಳದಂತೆ ಅದರೊಳಗೆ ಬೀಗ ಹಾಕಿರಬೇಕು ಎಂಬುದು ಅದರ ಮುಖ್ಯ ಷರತ್ತು.

2021ರ ಮಾರ್ಚ್ 12ರಂದು ಇನ್ನೊಂದು ನಿಯಮಾವಳಿ ಬಂತು. ಅದರ ಬಗ್ಗೆ ಸಂಶೋಧಕರು, ಹೊಸ ಕಂಪನಿಗಳವರು, ಬಳಕೆದಾರರು ಎಲ್ಲರೂ ಗೊಣಗಿದರು. ಕಾಗದಪತ್ರ ಅತಿಯಾಯಿತು, ಪ್ರತಿ ಹಾರಾಟಕ್ಕೂ ಅನುಮತಿ ಬೇಕು, ಮುಕ್ತವಾಗಿ ಹಾರಿಸುವ ಹಸಿರು ಜಾಗವೇ ಇಲ್ಲ ಎಂಬುದು ದೂರು. ಆ ಗೊಣಗಾಟ ಬೀದಿಯಲ್ಲಿ ಆಗಲಿಲ್ಲ, ಪತ್ರಗಳಲ್ಲಿ ಆಯಿತು. ಸರ್ಕಾರ ನಾಲ್ಕು ತಿಂಗಳಲ್ಲಿ ಹೊಸ ಕರಡು ಪ್ರಕಟಿಸಿ ಆಗಸ್ಟ್ 5ರವರೆಗೆ ಅಭಿಪ್ರಾಯ ಕೇಳಿತು. ಆ ತಿಂಗಳ ಕೊನೆಯಲ್ಲಿ ನಿಯಮಗಳು ಜಾರಿಗೆ ಬಂದಾಗ 25 ಇದ್ದ ಅರ್ಜಿ ನಮೂನೆಗಳು 5ಕ್ಕೂ, 72 ಬಗೆಯ ಶುಲ್ಕಗಳು 4ಕ್ಕೂ ಇಳಿದಿದ್ದವು. ದೊಡ್ಡ ಡ್ರೋನ್‌ನ ಪೈಲಟ್ ಪರವಾನಗಿಗೆ ರೂ. 3000 ಇದ್ದ ಶುಲ್ಕ ಎಲ್ಲ ವರ್ಗಕ್ಕೂ ರೂ. 100 ಆಯಿತು, ಅದೂ 10 ವರ್ಷಕ್ಕೆ. ಒಂದು ಸರ್ಕಾರ ತಾನೇ ಮಾಡಿದ ನಿಯಮವನ್ನು ಅರ್ಧ ವರ್ಷದೊಳಗೆ ಹಿಂತೆಗೆದುಕೊಂಡು ಬೇರೆಯದನ್ನು ತರುವುದು ನಮ್ಮಲ್ಲಿ ಆಗಾಗ ನಡೆಯುವ ಸಂಗತಿಯಲ್ಲ.

ಆಮೇಲೂ ಬದಲಾವಣೆ ನಿಲ್ಲಲಿಲ್ಲ. 2022ರ ಫೆಬ್ರುವರಿ 9ರಂದು ಹೊರದೇಶದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧ ಬಿತ್ತು. ಬಿಡಿಭಾಗಗಳ ಆಮದಿಗೆ ಮಾತ್ರ ಅಡ್ಡಿಯಿಲ್ಲ. ಎರಡು ದಿನಗಳ ನಂತರ ಪೈಲಟ್ ಪರವಾನಗಿ ಎಂಬುದನ್ನೇ ತೆಗೆದು, ಮಾನ್ಯತೆ ಪಡೆದ ತರಬೇತಿ ಸಂಸ್ಥೆ ಕೊಡುವ ಪ್ರಮಾಣಪತ್ರ ಸಾಕು ಎಂದಾಯಿತು. 18ರಿಂದ 65 ವರ್ಷದೊಳಗಿನ, ಹತ್ತನೆಯ ತರಗತಿ ಪಾಸಾದ ಯಾರೂ ತರಬೇತಿಗೆ ಸೇರಬಹುದು.

ಮೇಲೆ ಹಾರಿಸುವ ಮೂರು ಬಗೆಯವರು

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಡ್ರೋನ್ ಹಿಡಿದವರನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಮೊದಲನೆಯವರು ಫೋಟೋ ಸ್ಟುಡಿಯೋದವರು. ಮದುವೆಯ ಆಲ್ಬಮ್‌ಗೆ ಆಕಾಶದ ನೋಟ ಇಲ್ಲದಿದ್ದರೆ ಹೆಣ್ಣಿನ ಕಡೆಯವರೂ ಒಪ್ಪದ ಕಾಲ ಇದು. ಎರಡನೆಯವರು ಗದ್ದೆಗೆ ಔಷಧಿ ಸಿಂಪಡಿಸುವವರು. ಆಳೆತ್ತರ ಮೀರಿದ ಕಬ್ಬಿನೊಳಗೆ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ನುಗ್ಗುವುದು ಎಂಥ ಕಷ್ಟ ಎಂಬುದು ರೈತನಿಗೇ ಗೊತ್ತು. ಗರಿ ಮೈಯನ್ನು ಕೊಯ್ಯುತ್ತದೆ, ಔಷಧಿ ಮುಖಕ್ಕೇ ಬರುತ್ತದೆ. ಡ್ರೋನ್ ಆದರೆ ಒಂದು ಎಕರೆಯನ್ನು ಹತ್ತು ನಿಮಿಷದ ಸುಮಾರಿನಲ್ಲಿ ಮುಗಿಸುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ನಮೋ ಡ್ರೋನ್ ದೀದಿ' ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಿಸುವ ಗುರಿ ಇಟ್ಟುಕೊಂಡು, ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು ಘೋಷಿಸಿತು. ಮೂರನೆಯವರು ಹವ್ಯಾಸಿಗಳು, ಎಂಜಿನಿಯರಿಂಗ್ ಕಾಲೇಜಿನ ಹುಡುಗರು. ಮಳವಳ್ಳಿ ಕಡೆ ಡ್ರೋನ್ ಎಂಬ ಪದ 2020ರಲ್ಲಿ ಮನೆಮಾತಾದದ್ದಕ್ಕೆ ಬೇರೆಯೇ ಕಾರಣವಿತ್ತು. ಅದರ ಚರ್ಚೆ ಇಲ್ಲಿ ಬೇಡ.

ಕಾನೂನು ಇವರನ್ನು ತೂಗುವುದು ತಕ್ಕಡಿಯಲ್ಲಿ. ಡ್ರೋನ್ 250 ಗ್ರಾಂ ಒಳಗಿದ್ದರೆ ನ್ಯಾನೊ, 2 ಕಿಲೋವರೆಗೆ ಮೈಕ್ರೊ, 25 ಕಿಲೋವರೆಗೆ ಸಣ್ಣದು, 150ರವರೆಗೆ ಮಧ್ಯಮ, ಆಮೇಲೆ ದೊಡ್ಡದು. ನ್ಯಾನೊಗೆ ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊವನ್ನು ಹವ್ಯಾಸಕ್ಕೆ ಹಾರಿಸಿದರೂ ಬೇಡ. ಆದರೆ ಅದೇ ಮೈಕ್ರೊವನ್ನು ಮದುವೆಯಲ್ಲಿ ದುಡ್ಡಿಗೆ ಹಾರಿಸಿದರೆ ಬೇಕು. ಕಾಲೇಜು ಹುಡುಗ ಹಾರಿಸಿದಾಗ ತಪ್ಪಲ್ಲದ್ದು, ಅವನ ಸ್ಟುಡಿಯೋ ಮಾವ ಹಾರಿಸಿದಾಗ ಗರಿಷ್ಠ ಒಂದು ಲಕ್ಷ ರೂಪಾಯಿ ದಂಡಕ್ಕೆ ದಾರಿಯಾಗಬಹುದು. ಇದು ಎಷ್ಟು ಜನಕ್ಕೆ ಗೊತ್ತು?

ಸುಮ್ಮನಿರುವುದೇಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಪ್ರತಿಭಟನೆಯ ಬಗ್ಗೆ ಇವರಲ್ಲಿ ನಾಲ್ಕಾರು ಬಗೆಯ ಧೋರಣೆಗಳಿವೆ.

ಮೊದಲನೆಯದು ಅಂಜಿಕೆ. ಆಮದು ನಿಷೇಧಕ್ಕೆ ಮುಂಚೆಯೋ ಆಮೇಲೋ ಯಾರದೋ ಕೈಯಿಂದ ಕೊಂಡ, ನೋಂದಣಿ ಸಂಖ್ಯೆಯಿಲ್ಲದ ಯಂತ್ರವನ್ನು ಇಟ್ಟುಕೊಂಡವನು ನಿಯಮ ಸರಿಯಿಲ್ಲ ಎಂದು ಮುಂದೆ ಬಂದರೆ, ಮೊದಲು ತೋರಿಸಬೇಕಾದದ್ದು ತನ್ನ ಕಾಗದಪತ್ರವನ್ನು. 'ಯಾಕ್ ಸುಮ್ನೆ ಇರೋದ್ನ ಎಬ್ಬುಸ್ಬೇಕು' ಎಂಬುದು ಇಲ್ಲಿನ ಲೋಕಾರೂಢಿ. ಅಂಥವನ ಲೆಕ್ಕದಲ್ಲಿ ಕಾನೂನು ಪುಸ್ತಕದಲ್ಲಿ ಮಲಗಿರುವುದೇ ಕ್ಷೇಮ.

ಎರಡನೆಯದು ಇದಕ್ಕೆ ತದ್ವಿರುದ್ಧ. ದುಡ್ಡು ಕಟ್ಟಿ ತರಬೇತಿ ಪಡೆದು, ಪ್ರಮಾಣಪತ್ರ ತಂದು, ಬ್ಯಾಂಕಿನ ಸಾಲದಲ್ಲಿ ಯಂತ್ರ ಕೊಂಡವನಿಗೆ ನಿಯಮ ಬಿಗಿಯಾದಷ್ಟೂ ಒಳ್ಳೆಯದು. ಕಾಗದವಿಲ್ಲದವನು ಎಕರೆಗೆ ಕಡಿಮೆ ದರ ಹೇಳಿ ಅವನ ಗಿರಾಕಿಯನ್ನು ಕಿತ್ತುಕೊಳ್ಳುತ್ತಾನಲ್ಲ! ಹೀಗಾಗಿ ಒಬ್ಬನಿಗೆ ಬೇಲಿ ಎನಿಸುವುದು ಇನ್ನೊಬ್ಬನಿಗೆ ಕಾವಲು. ಇವರಿಬ್ಬರನ್ನೂ ಒಂದೇ ಬ್ಯಾನರಿನಡಿ ಕೂರಿಸುವುದು ಯಾವ ಸಂಘಕ್ಕೂ ಸುಲಭವಲ್ಲ.

ಮೂರನೆಯದು ಸಂಖ್ಯೆಯ ಪ್ರಶ್ನೆ. ಕಬ್ಬು ಬೆಳೆಗಾರರು ಸಾವಿರಗಟ್ಟಲೆ. ಟ್ರ್ಯಾಕ್ಟರು, ಎತ್ತಿನಗಾಡಿ ತಂದು ನಿಲ್ಲಿಸಿದರೆ ಹೆದ್ದಾರಿ ನಿಲ್ಲುತ್ತದೆ, ಜಿಲ್ಲಾಧಿಕಾರಿ ಬರುತ್ತಾರೆ. ತಾಲ್ಲೂಕಿಗೆ ಕೆಲವೇ ಮಂದಿಯಿರುವ ಡ್ರೋನ್‌ನವರು ಕೂತರೆ ಬಸ್ಸು ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲದೆ ಮನವಿ ಕೊಡಬೇಕಾದದ್ದು ತಹಶೀಲ್ದಾರರಿಗಲ್ಲ, ದಿಲ್ಲಿಗೆ.

ನಾಲ್ಕನೆಯದು ಭಾಷೆ ಮತ್ತು ಗಡುವು. ಕರಡು ಹೊರಬರುವುದು ಇಂಗ್ಲಿಷಿನಲ್ಲಿ, ಸಚಿವಾಲಯದ ಜಾಲತಾಣದಲ್ಲಿ. ಅಭಿಪ್ರಾಯಕ್ಕೆ ಎರಡು ಮೂರು ವಾರ. ಮಳವಳ್ಳಿಯ ಸ್ಟುಡಿಯೋದವನಿಗೆ ಸುದ್ದಿ ತಲಪುವ ವೇಳೆಗೆ ಗಡುವು ಮುಗಿದಿರುತ್ತದೆ. 1934ರ ವಿಮಾನ ಕಾಯಿದೆಯ ಜಾಗಕ್ಕೆ 2025ರ ಜನವರಿ 1ರಿಂದ ಬಂದ ಕಾಯಿದೆಯ ಹೆಸರು 'ಭಾರತೀಯ ವಾಯುಯಾನ ಅಧಿನಿಯಮ'. ಹೆಸರಿಗಷ್ಟೇ ಭಾಷೆ ಬದಲಾಯಿತು, ಅದನ್ನು ಕನ್ನಡದಲ್ಲಿ ವಿವರಿಸಿ ಹೇಳುವ ಕೆಲಸ ಹಾಗೇ ಉಳಿಯಿತು.

ನಿಜವಾದ ವಿಮಾನ ಹಾರಿಸುವ ಖಾಸಗಿ ಪೈಲಟ್‌ಗಳ ಪಾಡೂ ಬಹಳ ಬೇರೆಯಲ್ಲ. ನಮ್ಮ ದೇಶದಲ್ಲಿ 17 ವರ್ಷ ತುಂಬಿದವರು ಕನಿಷ್ಠ 40 ಗಂಟೆ ಹಾರಾಟ ಮುಗಿಸಿ ಖಾಸಗಿ ಪೈಲಟ್ ಪರವಾನಗಿ ಪಡೆಯಬಹುದು. ಆದರೆ ಹಾರಾಟಕ್ಕೆ ಯೋಜನೆ ಸಲ್ಲಿಸಿ, ವಾಯುಪಡೆಯ ಕಡೆಯಿಂದ ರಕ್ಷಣಾ ಅನುಮತಿಯ ಸಂಖ್ಯೆ ಪಡೆಯಬೇಕು. ಭಾರತದ ವಾಯುಪ್ರದೇಶದಲ್ಲಿ ಶೇ. 60ರಷ್ಟು ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿ ಸಿಗುತ್ತಿದೆ ಎಂದು ಕೇಂದ್ರ ಹಣಕಾಸು ಸಚಿವರೇ 2020ರ ಮೇ ತಿಂಗಳಲ್ಲಿ ಹೇಳಿದ್ದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ರನ್‌ವೇಯ ಪಕ್ಕದಲ್ಲೇ ದೇವನಹಳ್ಳಿ ವಿಮಾನ ನಿಲ್ದಾಣದ ಎತ್ತರಿಸಿದ ಹೆದ್ದಾರಿ ಎದ್ದು, ರನ್‌ವೇಯ ಬಳಕೆಗೆ ಅಡ್ಡಿಯಾಯಿತು. ಆಗಲೂ ಪೈಲಟ್‌ಗಳ ದಾರಿ ಪತ್ರ, ಭೇಟಿ, ಮನವಿಗಳದ್ದೇ. ಪರವಾನಗಿಯನ್ನು ನವೀಕರಿಸುವ ಕೈಯನ್ನೇ ಎದುರು ಹಾಕಿಕೊಳ್ಳಲು ಯಾರಿಗೆ ಧೈರ್ಯ?

ಬೇಲಿ ಏಕೆ ಬೇಕು?

ನಿಯಮವೆಲ್ಲ ಅಧಿಕಾರಿಗಳ ಕಿರಿಕಿರಿ ಎಂದುಕೊಳ್ಳುವುದೂ ತಪ್ಪು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಎದುರುಬದುರಾಗಿ ಡಿಕ್ಕಿ ಹೊಡೆದು 349 ಮಂದಿ ಸತ್ತರು. ದಿಲ್ಲಿಗೆ ಬರುವ ಹಾಗೂ ಅಲ್ಲಿಂದ ಹೋಗುವ ವಿಮಾನಗಳ ದಾರಿಯನ್ನು ಬೇರ್ಪಡಿಸಿದ್ದು, ಡಿಕ್ಕಿಯ ಮುನ್ಸೂಚನೆ ಕೊಡುವ ಉಪಕರಣವನ್ನು ಕಡ್ಡಾಯ ಮಾಡಿದ್ದು ಆಮೇಲೆ. ಆಕಾಶದ ಬಹಳಷ್ಟು ನಿಯಮಗಳ ಹಿಂದೆ ಇಂಥ ಸಾವುಗಳಿವೆ.

ಡ್ರೋನ್ ವಿಷಯದಲ್ಲಿ ಒಂದು ಸರಳ ಲೆಕ್ಕ ಮಾಡಬಹುದು. ಸಣ್ಣ ವಿಮಾನವೊಂದು ಗಂಟೆಗೆ 180 ಕಿ.ಮೀ. ವೇಗದಲ್ಲಿ ಬರುತ್ತಿದೆ ಎನ್ನಿ. ಅದು ಸೆಕೆಂಡಿಗೆ 50 ಮೀಟರ್. ಅರ್ಧ ಕಿ.ಮೀ. ಮುಂದೆ 30 ಸೆಂ.ಮೀ. ಅಗಲದ ಡ್ರೋನ್ ಇದ್ದರೆ ಪೈಲಟ್‌ನ ಕಣ್ಣಿಗೆ ಅದು ಸುಮಾರು ಎರಡು ಕಲೆಯಷ್ಟು ಕೋನ, ಅಂದರೆ ಒಂದು ಡಿಗ್ರಿಯ ಮೂವತ್ತನೆಯ ಒಂದು ಭಾಗ. ಆರೋಗ್ಯವಂತ ಕಣ್ಣು ಗುರುತಿಸಬಲ್ಲ ಅತಿ ಚಿಕ್ಕ ಕೋನ ಒಂದು ಕಲೆ. ಹಾಗಾಗಿ ಅದು ಕಂಡರೂ ಚುಕ್ಕೆ, ಕಾಣದಿದ್ದರೆ ಆಶ್ಚರ್ಯವಿಲ್ಲ. ಕೈಯಲ್ಲಿರುವುದು 10 ಸೆಕೆಂಡು. ಆ ಡ್ರೋನ್ ಒಂದೂವರೆ ಕಿಲೋ ತೂಕದ್ದಾಗಿದ್ದರೆ ಡಿಕ್ಕಿಯ ಶಕ್ತಿ 1875 ಜೌಲ್. 25 ಕಿಲೋ ಅಕ್ಕಿಮೂಟೆಯನ್ನು ಎರಡು ಅಂತಸ್ತಿನ ಮೇಲಿಂದ, ಸುಮಾರು ಏಳೂವರೆ ಮೀಟರ್ ಎತ್ತರದಿಂದ ಕೆಡವಿದಷ್ಟು. ಅದು ಗಾಜಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

400 ಅಡಿಯ ಮಿತಿಯೂ ಗಾಳಿಗೆ ಹೇಳಿದ ಅಂಕಿಯಲ್ಲ. ಕಣ್ಣಿನ ಅಂದಾಜಿನಲ್ಲಿ ಹಾರುವ ವಿಮಾನಗಳು, ಇಳಿಯುವ ಏರುವ ಹೊತ್ತನ್ನು ಬಿಟ್ಟರೆ, ಬಯಲಿನಲ್ಲೂ 500 ಅಡಿಗಿಂತ ಕೆಳಗೆ ಬರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಕೆಳಗಿನವರಿಗೆ 400, ಮೇಲಿನವರಿಗೆ 500. ನಡುವೆ ಉಳಿಯುವ ನೂರು ಅಡಿ ಎರಡು ಗದ್ದೆಗಳ ನಡುವಿನ ಬದುವಿದ್ದಂತೆ. ಬದು ಕಡಿದರೆ ಜಗಳ ಎಂಬುದು ಮಂಡ್ಯದ ರೈತನಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನು ಕೆಳಗಿರುವವರ ಹಿತ. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬಿನ ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿರುತ್ತದೆ. ಕಬ್ಬಿನ ಮೇಲೆ ಸಿಂಪಡಿಸಿದ ಕೀಟನಾಶಕದ ಹನಿ ಗಾಳಿಗೆ ತೇಲಿ ಆ ಸೊಪ್ಪಿನ ಮೇಲೆ ಬಿದ್ದರೆ, ಸೊಪ್ಪು ತಿಂದ ರೇಷ್ಮೆ ಹುಳು ಚಂದ್ರಂಕಿ ಏರುವ ಮೊದಲೇ ಸಾಯುತ್ತದೆ. ಒಂದು ಬೆಳೆಯ ಗೂಡು ಕೈತಪ್ಪಿದರೆ ಆ ಮನೆಯ ತಿಂಗಳ ಸಂಸಾರವೇ ತಲೆಕೆಳಗು. ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಔಷಧಿ ಸಿಂಪಡಣೆಗೆಂದೇ ಬೇರೆ ಕಾರ್ಯವಿಧಾನ ಹೊರಡಿಸಿದ್ದಕ್ಕೆ ಇಂಥ ಭಯಗಳೇ ಕಾರಣ. ಪೈಲಟ್ ನಿಯಮ ಸಡಿಲಿಸಿ ಎಂದು ಕೂಗಿದರೆ, ಪಕ್ಕದ ತೋಟದವನು ಬಿಗಿ ಮಾಡಿ ಎಂದು ಕೂಗುತ್ತಾನೆ. ಇಬ್ಬರದೂ ಹೊಟ್ಟೆಪಾಡು.

ಬೇರೆಯವರು ಕೂಗಿದ ರೀತಿ

ಅಮೆರಿಕದಲ್ಲಿ ಖಾಸಗಿ ಪೈಲಟ್‌ಗಳ ಸಂಘ 1939ರಿಂದಲೂ ಇದೆ. ಅವಳಿ ಗೋಪುರಗಳ ಮೇಲಿನ ದಾಳಿಯ ನಂತರ 2003ರಲ್ಲಿ ವಾಷಿಂಗ್ಟನ್ ಸುತ್ತ ತಾತ್ಕಾಲಿಕ ರಕ್ಷಣಾ ವಲಯವೊಂದನ್ನು ರಚಿಸಿದರು. 2005ರಲ್ಲಿ ಅದನ್ನು ಶಾಶ್ವತ ಮಾಡುವ ಪ್ರಸ್ತಾಪ ಬಂದಾಗ ಪೈಲಟ್‌ಗಳು ಸರ್ಕಾರಕ್ಕೆ ಬರೆದ ಅಭಿಪ್ರಾಯಗಳು 20,000 ಮೀರಿದವು. ಫಲ ಮಿಶ್ರ. ವಲಯ 2009ರಲ್ಲಿ ಶಾಶ್ವತವಾಯಿತು, ಆದರೆ ಅದರ ಹರವು ಅಷ್ಟರಲ್ಲಿ ಕಿರಿದಾಗಿತ್ತು.

ಅಲ್ಲಿನ ಡ್ರೋನ್ ಹವ್ಯಾಸಿಗಳ ಕಥೆಯೂ ಹೀಗೆಯೇ. ಹಾರುವ ಪ್ರತಿ ಡ್ರೋನ್ ತನ್ನ ಗುರುತನ್ನು ಸದಾ ಬಿತ್ತರಿಸುತ್ತಿರಬೇಕು ಎಂಬ ಕರಡು 2019ರ ಡಿಸೆಂಬರ್‌ನಲ್ಲಿ ಬಂದಾಗ 50,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಇಂಟರ್ನೆಟ್ ಮೂಲಕವೂ ಗುರುತು ಕಳಿಸಬೇಕೆಂಬ ಷರತ್ತನ್ನು ಸರ್ಕಾರ ಕೈಬಿಟ್ಟಿತು, ಉಳಿದದ್ದನ್ನು ಬಿಡಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿದವರು 2022ರಲ್ಲಿ ಸೋತರು. ಇನ್ನೊಂದು ಕಡೆ, 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂಬ ವರದಿಗಳಿಂದ ಸುಮಾರು ಸಾವಿರ ವಿಮಾನಗಳ ಸಂಚಾರ ಅಸ್ತವ್ಯಸ್ತವಾಯಿತು. ನಮ್ಮಲ್ಲೇ 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್ ಸ್ಫೋಟಕ ಬಿದ್ದಿತು. ಇಂಥ ಒಂದು ಘಟನೆ ನಡೆದರೆ ಸಾವಿರ ಮನವಿ ಪತ್ರಗಳ ತೂಕ ಕಡಿಮೆಯಾಗುತ್ತದೆ. ಗಮನಿಸಬೇಕಾದದ್ದು, ಜಮ್ಮು ಘಟನೆ ನಡೆದ ಎರಡೇ ತಿಂಗಳಿಗೆ ನಮ್ಮ ನಿಯಮ ಸಡಿಲವಾಯಿತು ಎಂಬುದನ್ನು. ಕಾರಣ ಸಹಿತ ಬರೆದ ಆಕ್ಷೇಪಣೆಗೆ ಬೆಲೆ ಇಲ್ಲವೆನ್ನುವಂತಿಲ್ಲ.

ಎಕ್ಸ್‌ಪ್ರೆಸ್ ಹೆದ್ದಾರಿಯ ಪಾಠ

ಆಕಾಶದ ವಿಚಾರ ದೂರದ್ದು ಎನ್ನುವವರಿಗೆ ಮನೆ ಬಾಗಿಲಿನ ಉದಾಹರಣೆಯಿದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟನೆಯಾಯಿತು. ಅಪಘಾತ ಹೆಚ್ಚಿದವೆಂದು ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟು ಸರ್ವಿಸ್ ರಸ್ತೆಗೆ ಕಳಿಸಿದರು. ವೇಗದವರಿಗೊಂದು ದಾರಿ, ನಿಧಾನದವರಿಗೊಂದು ದಾರಿ. ಅಪಘಾತ ತಪ್ಪಿಸುವ ತರ್ಕ ಸರಿ. ಆದರೆ ನಮ್ಮ ಭೂಮಿ ಕೊಟ್ಟು ನಾವೇ ಪಕ್ಕಕ್ಕೆ ಹೋಗಬೇಕೆ ಎಂಬ ಸ್ಥಳೀಯರ ಸಿಟ್ಟೂ ಸುಳ್ಳಲ್ಲ.

ಆಕಾಶದಲ್ಲಿ ಆಗುತ್ತಿರುವುದೂ ಇದೇ. ದೊಡ್ಡ ವಿಮಾನಗಳಿಗೆ ಮೇಲಿನ ರಾಜಮಾರ್ಗ, ಡ್ರೋನ್‌ಗೆ 400 ಅಡಿಯ ಸರ್ವಿಸ್ ರಸ್ತೆ. ಆ ರಸ್ತೆಯನ್ನೂ ಬೇಕಾದಾಗ ಮುಚ್ಚಬಹುದು. ಪೊಲೀಸ್ ವರಿಷ್ಠಾಧಿಕಾರಿಗಿಂತ ಕಡಿಮೆಯಿಲ್ಲದ ಅಧಿಕಾರಿ ತುರ್ತು ಕಾರಣಕ್ಕೆ ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯ ಎಂದು ಸಾರಲು 2021ರ ನಿಯಮದಲ್ಲಿ ಅವಕಾಶವಿದೆ. ಗಣ್ಯರ ಭೇಟಿ, ದೊಡ್ಡ ಬಂದೋಬಸ್ತಿನ ದಿನಗಳಲ್ಲಿ ಇದು ಬೇಕಾಗಬಹುದು. ಹಾರಿಸುವ ಮುನ್ನ ನಕ್ಷೆಯನ್ನೂ ಪ್ರಕಟಣೆಯನ್ನೂ ನೋಡುವುದು ಪೈಲಟ್‌ನ ಹೊಣೆ. ನೋಡದೆ ಹಾರಿಸಿ, ಗೊತ್ತಿರಲಿಲ್ಲ ಎಂದರೆ ನಡೆಯದು.

ಈಗ ಮುಂದಿರುವುದು

2025ರ ಸೆಪ್ಟೆಂಬರ್‌ನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು ಸಿಹಿ, 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಇನ್ನೊಂದು, ಡ್ರೋನ್‌ಗಳಿಗೆಂದೇ ಪ್ರತ್ಯೇಕ ಕಾಯಿದೆಯ ಕರಡನ್ನು ಕೇಂದ್ರ ಸರ್ಕಾರ 16ರಂದು ಪ್ರಕಟಿಸಿತು. ಅಭಿಪ್ರಾಯಕ್ಕೆ ಕೊಟ್ಟ ಗಡುವು ತಿಂಗಳ ಕೊನೆ, ಅಂದರೆ ಎರಡು ವಾರ. ತಪ್ಪಿಗೆ ದಂಡವಷ್ಟೇ ಅಲ್ಲದೆ ಜೈಲು ಶಿಕ್ಷೆಯೂ, ಪೊಲೀಸರಿಗೆ ಯಂತ್ರ ವಶಪಡಿಸಿಕೊಳ್ಳುವ ಅಧಿಕಾರವೂ, ಕಡ್ಡಾಯ ವಿಮೆಯೂ ಆ ಕರಡಿನಲ್ಲಿದ್ದವು. 2021ರಲ್ಲಿ ಸಡಿಲಾದದ್ದು ಮತ್ತೆ ಬಿಗಿಯಾಗುತ್ತದೆ ಎಂದು ಉದ್ಯಮದವರು ಆಕ್ಷೇಪಿಸಿದರು. ವಿಮೆ ಬಂದರೆ ಗಾಯಗೊಂಡವನಿಗೆ ಪರಿಹಾರ ಸಿಗುತ್ತದೆ ಎಂಬ ಒಳ್ಳೆಯ ಅಂಶವೂ ಅದರಲ್ಲಿತ್ತು ಎಂಬುದನ್ನು ಮರೆಯಬಾರದು.

ಇಂಥ ಕರಡು ಬಂದಾಗ ಸಾಲ ಮಾಡಿ ಡ್ರೋನ್ ತಂದ ಸ್ವಸಹಾಯ ಸಂಘದ ಹೆಣ್ಣುಮಗಳ ಅಭಿಪ್ರಾಯ ದಿಲ್ಲಿಗೆ ಹೋಗುವ ದಾರಿ ಯಾವುದು? ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಒಕ್ಕೂಟವಿದೆ. ಇವಳಿಗೆ ಇರುವುದು ಬ್ಯಾಂಕಿನ ಕಂತು ಮಾತ್ರ. ಯಂತ್ರ ಠಾಣೆಯಲ್ಲಿ ಕುಳಿತರೆ ಕಂತು ನಿಲ್ಲುವುದಿಲ್ಲ. ಹಿಪ್ಪುನೇರಳೆ ತೋಟದವನ ಅಭಿಪ್ರಾಯವೂ ಅಷ್ಟೇ ಮುಖ್ಯ, ಅವನನ್ನೂ ಕೇಳುವವರಿಲ್ಲ.

ಇದಕ್ಕೆ ಹೆದ್ದಾರಿ ತಡೆಯಬೇಕಿಲ್ಲ. ಕರಡು ಹೊರಬಂದ ದಿನವೇ ಅದರ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಗ್ರಾಮ ಪಂಚಾಯಿತಿಯ, ರೈತ ಸಂಪರ್ಕ ಕೇಂದ್ರದ ಹಲಗೆಯ ಮೇಲೆ ಕಾಣಬೇಕು. ಗಡುವು ಎರಡು ವಾರದ ಬದಲು ಎರಡು ತಿಂಗಳಾದರೂ ಇರಬೇಕು. ಕನ್ನಡದಲ್ಲಿ ಬರೆದ ಆಕ್ಷೇಪಣೆಯನ್ನು ಸ್ವೀಕರಿಸಬೇಕು. ಸ್ಟುಡಿಯೋದವರು, ಸಿಂಪಡಣೆಯವರು, ಸ್ವಸಹಾಯ ಸಂಘದವರು ತಾಲ್ಲೂಕಿಗೊಂದು ಚಿಕ್ಕ ಕೂಟ ಕಟ್ಟಿಕೊಂಡರೆ, ಯಾವ ಕಲಮು ಯಾರಿಗೆ ತೊಂದರೆ, ಬದಲಿಗೆ ಏನು ಬೇಕು ಎಂದು ಒಂದು ಪುಟ ಬರೆದು ಕಳಿಸಲು ಸಾಧ್ಯ. ಕಾಗದವಿಲ್ಲದ ಯಂತ್ರದವರು ಅದಕ್ಕೆ ಮುಂಚೆ ತಮ್ಮ ಲೆಕ್ಕ ಸರಿಮಾಡಿಕೊಳ್ಳಬೇಕು. ಆಗಲೇ ಅವರ ಮಾತಿಗೆ ತೂಕ.

2021ರಲ್ಲಿ 45 ಕಿ.ಮೀ. 12 ಆದದ್ದು ಯಾರದೋ ಔದಾರ್ಯದಿಂದಲ್ಲ, ಯಾರೋ ಕುಳಿತು ಬರೆದ ಪತ್ರಗಳಿಂದ. ಮಂಡ್ಯದ ಮೇಲಿನ ಆಕಾಶ ಅದರಿಂದ ಹಸಿರಾಯಿತು, ಬರೆದವರಲ್ಲಿ ಮಂಡ್ಯದವರು ಇದ್ದರೋ ಇಲ್ಲವೋ. ಮುಂದಿನ ಕರಡು ಬಂದಾಗಲಾದರೂ ಮದ್ದೂರು, ಮಳವಳ್ಳಿಯ ಅಂಚೆ ಮುದ್ರೆಯಿರುವ ಒಂದೆರಡು ಲಕೋಟೆ ದಿಲ್ಲಿಯ ಆ ಮೇಜಿನ ಮೇಲೆ ಇರಲಿ.